ಬದನೆಕಾಯಿ ಪದ್ಮ, ಕಡಗೋಲು ಗದೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಅಡಿಗೆಮನೆಯಿಂದ ನಾಲ್ಕು ಸಾಮಾನು ಕಾಣೆಯಾಗುತ್ತಿದ್ದವು. ಎಳೆಗೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ಅಕ್ಕಿ ಡಬ್ಬದ ಹಿತ್ತಾಳೆ ಮುಚ್ಚಳ, ಮಜ್ಜಿಗೆ ಕಡೆಯುವ ಕಡಗೋಲು, ಒಂದು ಗುಂಡು ಬದನೆಕಾಯಿ. ಕದ್ದವರು ಯಾರೆಂದು ಅಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಅತ್ತೆಯ ಎದುರು ಆಡುವಂತಿಲ್ಲವಾದ್ದರಿಂದ ಅವಳು ಒಲೆಯ ಮುಂದೆ ನಿಂತು ಕುದಿಯುವ ಹುಳಿಗೆ ತನ್ನ ದೂರು ಹೇಳಿಕೊಳ್ಳುತ್ತಿದ್ದಳು. ಅತ್ತ ಹಜಾರದಲ್ಲಿ ಅಜ್ಜಿ ಊಂಜಲಿನ ಮೇಲೆ ಕಾಲು ಮಡಚಿ ಕೂತು, ಆ ನಾಲ್ಕು ಸಾಮಾನನ್ನು ತನ್ನ ಪಕ್ಕದಲ್ಲಿ ಸಾಲಾಗಿ ಜೋಡಿಸಿಕೊಂಡು, ನಮ್ಮನ್ನು ಕೂಗುತ್ತಿದ್ದಳು. ಒಳಲೆ ಶಂಖ, ಮುಚ್ಚಳ ಚಕ್ರ, ಕಡಗೋಲು ಗದೆ, ಬದನೆಕಾಯಿ ಪದ್ಮ. ಪಾಠ ಮುಗಿದ ಮೇಲೆ ಪದ್ಮ ಅಡಿಗೆಮನೆಗೆ ವಾಪಸು ಹೋಗಿ ಹುಳಿಯಲ್ಲಿ ಬೀಳುತ್ತಿತ್ತು. ಚಾತುರ್ಮಾಸ್ಯದ ತಿಂಗಳುಗಳಲ್ಲಿ ಮಾತ್ರ ನಮ್ಮ ಮನೆಗೆ ಬದನೆಕಾಯಿ ಬರುವಂತಿರಲಿಲ್ಲ. ಆಗ ಪಕ್ಕದ ಮನೆಯ ಮಾಮಿಯ ಮಗಳು ಆಂಡಾಳ್ ತನ್ನ ಮನೆಯಿಂದ ಒಂದು ತರುತ್ತಿದ್ದಳು, ಪಾಠವಾದ ಮೇಲೆ ಅದನ್ನು ತಿಣ್ಣೆಯ ಮೇಲೆ ಇಟ್ಟು ಹೋಗುತ್ತಿದ್ದಳು, ಮರುದಿನ ಅದೇ ಬದನೆಕಾಯಿ ಇನ್ನಷ್ಟು ಸುಕ್ಕಾಗಿ ಪಾಠಕ್ಕೆ ಬರುತ್ತಿತ್ತು.

ಮದರಾಸಿನಲ್ಲಿ ನಮ್ಮದು ಉದ್ದಕ್ಕೆ ಹೋಗುವ ಮನೆ. ಬೀದಿಬಾಗಿಲಲ್ಲಿ ನಿಂತರೆ ಹಿತ್ತಲಿನ ಬಾವಿಯ ರಾಟೆ ಕಾಣುತ್ತಿತ್ತು, ಬಾವಿಕಟ್ಟೆಯಲ್ಲಿ ನಿಂತರೆ ಬೀದಿಯಲ್ಲಿ ಹೋಗುವವರ ಕಾಲು ಕಾಣುತ್ತಿತ್ತು. ಜಗುಲಿಯನ್ನು ತಿಣ್ಣೆ ಎಂದೂ, ನಡುವಿನ ಬಯಲು ತೊಟ್ಟಿಯನ್ನು ಮಿತ್ತಂ ಎಂದೂ, ಉಯ್ಯಾಲೆಯನ್ನು ಊಂಜಲ್ ಎಂದೂ ಕರೆದು, ನಾವು ಆಡುತ್ತಿರುವುದು ಶುದ್ಧ ಕನ್ನಡವೆಂದೇ ನಂಬಿಕೊಂಡಿದ್ದೆವು. ಅಪ್ಪ ಎಗ್ಮೋರಿನ ಒಂದು ಆಫೀಸಿನಲ್ಲಿ ಗುಮಾಸ್ತ. ದೊಡ್ಡಪ್ಪನ ಮಗ ಮುಕುಂದ ಓದಿಗೆಂದು ನಮ್ಮಲ್ಲೇ ಇದ್ದ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಮಕ್ಕಳೆಲ್ಲ ಶಾಲೆಯಿಂದ ತಮಿಳನ್ನು ಬಾಯಲ್ಲಿಟ್ಟುಕೊಂಡೇ ಬರುತ್ತಿದ್ದೆವು. ಅಜ್ಜಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಹೋಗುತ್ತಿತ್ತು. ಅಜ್ಜಿ ಅದಕ್ಕೆ ಬೈಯುತ್ತಿರಲಿಲ್ಲ. ಕೇಳಿಸಲೇ ಇಲ್ಲವೆಂಬಂತೆ ಮೊಸರನ್ನ ಕಲಸುತ್ತಾ ಕೂತಿರುತ್ತಿದ್ದಳು, ಕನ್ನಡದಲ್ಲಿ ಕೇಳುವವರೆಗೂ ತುತ್ತು ಕೈಗೆ ಬರುತ್ತಿರಲಿಲ್ಲ. ನಾನು ಈಗ ಇಷ್ಟಾದರೂ ಕನ್ನಡ ಬರೆಯುತ್ತಿದ್ದೇನೆಂದರೆ ಅದು ಮೊಸರನ್ನದ ಆಸೆಗೆ ಕಲಿತದ್ದು.

ಅಜ್ಜಿಯ ಪಾಠದ ಕ್ರಮ ಹೀಗೆ. ಒಂದು ಮಗು ಮುಂದೆ ನಿಲ್ಲಬೇಕು, ಇನ್ನೊಂದು ಅದರ ಬೆನ್ನಿಗೆ ಅಂಟಿಕೊಂಡು ಹಿಂದೆ. ಮುಂದಿನವರ ಎರಡು ಕೈ ಸೊಂಟದ ಮಟ್ಟಕ್ಕೆ, ಹಿಂದಿನವರ ಎರಡು ಕೈ ಮುಂದಿನವರ ಹೆಗಲಿನ ಮೇಲೆ. ಅಲ್ಲಿಗೆ ದೇವರಿಗೆ ನಾಲ್ಕು ಕೈ ಆಯಿತು. ಆಚಮನ ಮಾಡುವಾಗ ಕೇಶವ, ನಾರಾಯಣ ಎಂದು ಶುರುಮಾಡಿ ಅಪ್ಪ ದಿನವೂ ಹೇಳುತ್ತಿದ್ದ ಇಪ್ಪತ್ತನಾಲ್ಕು ಹೆಸರುಗಳಿದ್ದವಲ್ಲ, ಅವೆಲ್ಲ ಒಬ್ಬ ವಿಷ್ಣುವಿನವೇ. ಆದರೆ ಒಂದೊಂದು ಹೆಸರಿಗೂ ಶಂಖ ಚಕ್ರ ಗದೆ ಪದ್ಮಗಳು ಕೈಯಿಂದ ಕೈಗೆ ಜಾಗ ಬದಲಾಯಿಸುತ್ತವೆ. ಅಜ್ಜಿ ರಾಗವಾಗಿ ಹೆಸರು ಹೇಳಿದಂತೆ ಮುಂದಿನ ಮಗು ಅದನ್ನು ತಾನೂ ಹೇಳಬೇಕು, ನಾಲ್ಕು ಕೈಗಳೂ ತಮ್ಮ ತಮ್ಮೊಳಗೆ ಸಾಮಾನು ಬದಲಾಯಿಸಿಕೊಂಡು ಆ ಹೆಸರಿನ ಮೂರ್ತಿಯಾಗಿ ನಿಲ್ಲಬೇಕು. ಕಡಗೋಲು ಎಷ್ಟು ಸಲ ನನ್ನ ಮೂಗಿಗೆ ತಾಗಿದೆಯೋ. ಅಜ್ಜಿ ಇದನ್ನು ಕಲಿತದ್ದು ಕುಂಭಕೋಣದ ತನ್ನ ತವರಿನಲ್ಲಿ. ಅವಳ ಅಪ್ಪ ಪಾಠ ಹೇಳುತ್ತಿದ್ದದ್ದು ಅವಳ ಅಣ್ಣನಿಗೆ. ಹಿಂದೆ ನಿಂತು ಎರಡು ಕೈ ಎತ್ತಲು ಯಾರಾದರೂ ಬೇಕಿತ್ತಲ್ಲ, ಅದಕ್ಕೆ ಅವಳನ್ನು ಕರೆಯುತ್ತಿದ್ದರು. ಅಣ್ಣ ದೊಡ್ಡ ವಿದ್ವಾಂಸನಾದ. ಅವಳು ಹದಿಮೂರಕ್ಕೆ ಮದುವೆಯಾಗಿ ಮದರಾಸಿಗೆ ಬಂದಳು.

ಸಾಮಾನು ಹಿಡಿದರಷ್ಟೇ ಸಾಲದು, ಹಿಡಿದದ್ದು ಯಾಕೆಂದೂ ಗೊತ್ತಿರಬೇಕು. ಗಣಪತಿಯ ಕಿವಿ ಯಾಕೆ ಅಷ್ಟು ಅಗಲ, ಬಾಯಿ ಯಾಕೆ ಕಾಣುವುದೇ ಇಲ್ಲ ಎಂದು ಕೇಳಿದರೆ, ಕೇಳಿಸಿಕೊಳ್ಳುವುದು ಹೆಚ್ಚಿರಬೇಕು, ಮಾತು ಕಮ್ಮಿ ಇರಬೇಕು ಎಂದು ನಾವು ಒಟ್ಟಿಗೆ ಕಿರುಚುತ್ತಿದ್ದೆವು. ವಿಷ್ಣುವಿನ ನಾಲ್ಕು ಸಾಮಾನಿಗೂ ದೊಡ್ಡವರ ಅರ್ಥಗಳು ಏನೇನೋ ಇವೆ. ಅಜ್ಜಿಯ ಅರ್ಥಗಳು ಮನೆಯೊಳಗಿನವು.

‘ಶಂಖ ಅಂದ್ರೆ ಕೂಗೋದು. ಆಟದಲ್ಲಿ ಮೈಮರೆತೋರನ್ನ ಮನೆಗೆ ಬಾ ಅಂತ ಕೂಗಲ್ವಾ, ಹಾಗೆ. ಚಕ್ರ ಅಂದ್ರೆ ಹೊತ್ತು. ನೀನು ಬಂದ್ರೂ ಬರ್ದೇ ಇದ್ರೂ ಅದು ತಿರುಗ್ತಾನೇ ಇರತ್ತೆ. ಗದೆ ಅಂದ್ರೆ ಬೈಗುಳ. ಪದ್ಮ ಅಂದ್ರೆ ಮುದ್ದು.’

‘ನಾಲ್ಕೂ ಎಲ್ರಿಗೂ ಸಿಗತ್ತಾ ಅಜ್ಜಿ?’ ಎಂದು ಮುಕುಂದ ಕೇಳಿದ್ದ.

‘ಎಲ್ರಿಗೂ ಸಿಗತ್ತೆ. ಕೆಳಗಿನ ಬಲಗೈಲಿ ಏನಿರತ್ತೋ ಅದು ಮೊದಲು. ಕೇಶವ ಪದ್ಮ ಮುಂದೆ ಹಿಡಿದಿದಾನೆ, ಮೊದಲು ಮುದ್ದು ಮಾಡ್ತಾನೆ. ಮಾಧವ ಗದೆ ಮುಂದೆ ಹಿಡಿದಿದಾನೆ, ಮೊದಲು ಬೈತಾನೆ, ಆಮೇಲೆ ಮುದ್ದು ಮಾಡ್ತಾನೆ. ಮನೆಗೆ ಇಬ್ರೂ ಬೇಕು.’

ಈ ಲೆಕ್ಕದಲ್ಲಿ ನಮ್ಮ ಮನೆಯ ಕೇಶವ ಅಪ್ಪ, ಮಾಧವ ಅಮ್ಮ ಎಂದು ನಾನೂ ಮುಕುಂದನೂ ಗುಟ್ಟಾಗಿ ತೀರ್ಮಾನ ಮಾಡಿಕೊಂಡಿದ್ದೆವು. ಅಜ್ಜಿ ಯಾರೆಂದು ಮಾತ್ರ ಗೊತ್ತಾಗಿರಲಿಲ್ಲ.

ಇನ್ನು ನನ್ನ ವಿಷಯ. ನಾನು ಎಡಚಿ. ಅಂಬೆಗಾಲಿಡುವಾಗಲೇ ಎಡಗೈ ಮುಂದಿಟ್ಟಿದ್ದೆನಂತೆ. ಈಗಿನವರಿಗೆ ಇದು ಹೇಳಿಕೊಳ್ಳುವ ಸಂಗತಿ, ಆಗ ಮನೆಗೆ ಬಂದ ಕಾಯಿಲೆ. ಬೀದಿಯ ಹುಡುಗರು ‘ಪೀಚಾಂಗೈ’ ಎಂದು ಕೂಗುತ್ತಿದ್ದರು, ತಮಿಳಿನಲ್ಲಿ ಎಡಗೈಗೆ ಇರುವ ಹೆಸರುಗಳಲ್ಲಿ ಅತ್ಯಂತ ಹೇಸಿಗೆಯದು. ನಾನು ಕೂಗಿದವನನ್ನು ಅಟ್ಟಿಸಿಕೊಂಡು ಹೋಗಿ ಅದೇ ಕೈಯಿಂದ ಬಾರಿಸಿ ಬರುತ್ತಿದ್ದೆ, ಅದರಿಂದ ಹೆಸರು ಇನ್ನೂ ಗಟ್ಟಿಯಾಗುತ್ತಿತ್ತು. ಎಲೆಯ ಮುಂದೆ ಕೂತರೆ ಅಮ್ಮನ ಕಣ್ಣು ನನ್ನ ಕೈಯ ಮೇಲೆ. ಹೂ ಕೊಟ್ಟರೆ, ಕುಂಕುಮ ಕೊಟ್ಟರೆ, ಯಾರಾದರೂ ಕಡಲೆಪುರಿ ಕೊಟ್ಟರೆ ಮುಂದೆ ಹೋಗುತ್ತಿದ್ದದ್ದು ಅದೇ ಕೈ, ಅದರ ಮೇಲೆ ಏಟೂ ಅಲ್ಲೇ. ಅಪ್ಪ ಒಮ್ಮೊಮ್ಮೆ ಅಜ್ಜಿಗೆ ‘ಬಿಡಿ ಅಮ್ಮ, ದೊಡ್ಡವಳಾದ್ರೆ ತಾನೇ ಸರಿಹೋಗತ್ತೆ’ ಎನ್ನುತ್ತಿದ್ದರು. ಆ ಮಾತಿಗೆ ಮಾತ್ರ ಮನೆಯ ಇಬ್ಬರು ಹೆಂಗಸರೂ ಒಂದಾಗಿ ಅವರ ಮೇಲೆ ಬೀಳುತ್ತಿದ್ದರು. ಹೆಣ್ಣುಮಗು ನಾಳೆ ಹೋದ ಮನೆಯಲ್ಲಿ ಎಡಗೈಯಿಂದ ಬಡಿಸಿದರೆ ಯಾರ ಮಾನ ಹೋಗುವುದು ಎಂದು ಅಮ್ಮ, ತೀರ್ಥಕ್ಕೆ ಎಡಗೈ ಒಡ್ಡಿದರೆ ಏನು ಗತಿ ಎಂದು ಅಜ್ಜಿ. ಕೊನೆಗೆ ಅಜ್ಜಿ ಒಂದು ಉಪಾಯ ಮಾಡಿದಳು. ಅರಿಶಿನ ಹಚ್ಚಿದ ದಾರವನ್ನು ನನ್ನ ಬಲ ಮಣಿಕಟ್ಟಿಗೆ ಕಟ್ಟಿ ಹೇಳಿದಳು:

‘ನೋಡು ರುಕ್ಕು, ನಿನ್ನ ಮನಸ್ಸನ್ನ ಕೇಳಬೇಡ. ದಾರ ನೋಡು. ದಾರ ಇರೋ ಕೈಯೇ ಬಲಗೈ. ಆ ಕೈಯೇ ಮುಂದೆ ಬರಬೇಕು.’

ನನಗೆ ಎಡ ಬಲ ತಿಳಿಯುತ್ತಿರಲಿಲ್ಲವೆಂದಲ್ಲ. ತಿಳಿದದ್ದನ್ನು ನಂಬುವ ಧೈರ್ಯ ಹೋಗಿತ್ತು. ಯಾವ ಕೈ ತಾನಾಗಿ ಮುಂದೆ ಹೋಗುತ್ತದೋ ಅದು ತಪ್ಪು ಎಂಬುದೊಂದೇ ನನಗೆ ಖಚಿತವಾಗಿ ಗೊತ್ತಿದ್ದದ್ದು. ಹಾಗಾಗಿ ಏನು ಮಾಡುವ ಮೊದಲೂ ಬಗ್ಗಿ ದಾರ ನೋಡುತ್ತಿದ್ದೆ. ಬಾಗಿಲು ತೆಗೆಯಲು ದಾರ ನೋಡುತ್ತಿದ್ದೆ, ಬಳಪ ಹಿಡಿಯಲು ದಾರ ನೋಡುತ್ತಿದ್ದೆ. ಅಮ್ಮನಿಗೆ ನೆಮ್ಮದಿಯಾಯಿತು. ನನಗೆ ಎಲ್ಲದರಲ್ಲೂ ಅರೆಗಳಿಗೆ ತಡವಾಗತೊಡಗಿತು, ಆ ತಡಕ್ಕೆ ಸಿಟ್ಟು ಬರುತ್ತಿತ್ತು, ಸಿಟ್ಟಿಗೆ ಬೈಗುಳ ಬೀಳುತ್ತಿತ್ತು.

ಪಾಠದಲ್ಲಿ ನನ್ನ ಜಾಗ ಯಾವಾಗಲೂ ಹಿಂದೆ. ಮುಂದೆ ಮುಕುಂದ. ಮುಂದೆ ನಿಂತವರ ಮುಖ ದೇವರ ಮುಖ. ಅವರೇ ಹೆಸರು ಹೇಳುವವರು, ಅವರ ಹಣೆಗೇ ನಾಮ, ಬಂದ ನೆಂಟರು ನೋಡುವುದೂ ಅವರನ್ನೇ. ಹಿಂದೆ ನಿಂತವರಿಗೆ ಮುಂದಿನವರ ಎಣ್ಣೆತಲೆಯ ವಾಸನೆ, ಕೈನೋವು, ಅಷ್ಟೇ. ನಾನು ಬರದಿದ್ದ ದಿನ ಹಿಂದೆ ನಿಲ್ಲುತ್ತಿದ್ದ ಆಂಡಾಳ್ ಪ್ರತಿ ಐದನೆಯ ಹೆಸರಿಗೆ ‘ಪಾಟ್ಟಿ, ಕೈ ವಲಿಕ್ಕುದು’ ಎಂದು ಅಜ್ಜಿಯ ಮುಂದೆ ಗೋಳಾಡುತ್ತಿದ್ದಳು. ನನಗೆ ಕೈನೋವಿನ ದೂರಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಮುಂದೆ ನಿಲ್ಲಬೇಕು ಎನ್ನುವುದೊಂದೇ ಇದ್ದದ್ದು. ಇಪ್ಪತ್ತನಾಲ್ಕೂ ನನಗೆ ಮುಕುಂದನಿಗಿಂತ ಚೆನ್ನಾಗಿ ಬರುತ್ತಿತ್ತು, ಅವನು ತಡವರಿಸಿದರೆ ಹಿಂದಿನಿಂದ ಅವನ ಕಿವಿಗೆ ಹೇಳಿಕೊಡುತ್ತಿದ್ದವಳು ನಾನೇ. ಕೇಳಿದೆ, ಹಟ ಮಾಡಿದೆ, ಒಂದು ರಾತ್ರಿ ಊಟ ಬಿಟ್ಟೆ. ಅಜ್ಜಿ ಸಾಮಾನು ಎತ್ತಿಡುತ್ತಾ ಹೇಳಿದಳು:

‘ನಾನೂ ಹಿಂದೆ ನಿಂತೋಳೇ ಕಣೇ. ಏನಾಗ್ಹೋಯ್ತು ಈಗ?’

ಆ ವರ್ಷ ಕೃಷ್ಣಾಷ್ಟಮಿಗೆ ಕುಂಭಕೋಣದ ತಾತ ಬರುವುದೆಂದಾಯಿತು. ತಾತ ಎಂದರೆ ಅಜ್ಜಿಯ ಅದೇ ಅಣ್ಣ. ಅವರು ಬರುತ್ತಾರೆಂದರೆ ಅಜ್ಜಿ ಬೇರೆ ಮನುಷ್ಯಳಾಗಿಬಿಡುತ್ತಿದ್ದಳು. ನಡಿಗೆ ಚುರುಕಾಗುತ್ತಿತ್ತು, ದನಿ ಸಣ್ಣದಾಗುತ್ತಿತ್ತು. ಹಬ್ಬದ ಸಂಜೆ ದೇವರ ಮುಂದೆ, ತಾತನ ಎದುರಿಗೆ, ಮಕ್ಕಳು ಇಪ್ಪತ್ತನಾಲ್ಕು ಮೂರ್ತಿಗಳನ್ನೂ ನಿಂತು ತೋರಿಸಬೇಕೆಂದು ಅವಳು ಆಷಾಢದಿಂದಲೇ ತಯಾರಿ ನಡೆಸಿದ್ದಳು. ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಮುಕುಂದನಿಗೆ ಕೆನ್ನೆಬಾವು ಬಂತು. ಎರಡು ಕೆನ್ನೆಯೂ ಊದಿ ಕತ್ತಿಗೆ ಅರಿಶಿನದ ಪಟ್ಟು ಕಟ್ಟಿಸಿಕೊಂಡು ಮೂಲೆಯ ಕೋಣೆ ಸೇರಿದ. ನಾನು ಅವನಿಗೆ ಅಯ್ಯೋ ಎಂದೆ, ಆದರೆ ಬಾಗಿಲಿಂದಾಚೆ ಬಂದು ಮಿತ್ತಮ್ಮಿನ ಸುತ್ತ ಒಂದು ಸುತ್ತು ಕುಣಿದೂ ಬಂದೆ.

ಅಂದು ರಾತ್ರಿ ಊಟದ ಹೊತ್ತಿಗೆ ಅದೇ ಮಾತು.

‘ಈ ಸಲ ಬಿಟ್ಬಿಡಿ ಅತ್ತೆ,’ ಎಂದಳು ಅಮ್ಮ. ‘ಅಷ್ಟು ದೊಡ್ಡೋರ ಮುಂದೆ ಇದು ಕೈ ತಪ್ಪಿಸಿದ್ರೆ ನಿಮಗೂ ಮಾತು, ನನಗೂ ಮಾತು.’

‘ನಾನು ತಪ್ಪಿಸಲ್ಲ,’ ಎಂದೆ.

‘ನಿನ್ನನ್ನ ಯಾರು ಕೇಳಿದ್ರು?’

ಅಪ್ಪ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ, ನನ್ನ ಕೈಯನ್ನು ನೋಡಿದಳು. ಅದು ಆ ಹೊತ್ತಿಗೆ ದಾರ ಕಟ್ಟಿದ ಕೈಯೇ ಆಗಿತ್ತು, ಅನ್ನವೂ ಚೆಲ್ಲಿರಲಿಲ್ಲ.

‘ದಾರ ನೋಡಿಕೊಂಡು ಹಿಡಿಯೋದಾದ್ರೆ ನಿಲ್ಲಲಿ,’ ಎಂದಳು. ‘ಆಂಡಾಳ್ ಹಿಂದೆ ನಿಲ್ಲಲಿ. ಅವಳಿಗೂ ಹೇಳಿಬಿಡು, ರುಕ್ಕುಗೆ ಯಾವ ಕಡೆ ದಾರ ಇದೆಯೋ ಅದೇ ಬಲಗಡೆ ಅಂತ.’

ಹಬ್ಬದ ದಿನ ಮನೆಯೆಲ್ಲ ಚಕ್ಕುಲಿ ಕರಿದ ವಾಸನೆ. ಉಪವಾಸದ ಮನೆ, ತಿನ್ನುವಂತಿಲ್ಲ, ಮೂಸಬಹುದು. ಬೀದಿಬಾಗಿಲಿನಿಂದ ದೇವರ ಮನೆಯವರೆಗೆ ಅಮ್ಮ ಅಕ್ಕಿಹಿಟ್ಟಿನಲ್ಲಿ ಪುಟ್ಟ ಪುಟ್ಟ ಹೆಜ್ಜೆ ಬರೆದಿದ್ದಳು, ನಾವು ಅದನ್ನು ತುಳಿಯದಂತೆ ಗೋಡೆಗೆ ಒರಗಿಕೊಂಡು ಓಡಾಡುತ್ತಿದ್ದೆವು. ತಾತ ಬೆಳಗ್ಗೆಯೇ ಬಂದಿದ್ದರು. ಅವರ ಗೌರವಕ್ಕೆಂದು ಬದನೆಕಾಯಿಗೆ ಅಂದು ರಜೆ, ಹೂವಂಗಡಿಯಿಂದ ನಿಜವಾದ ತಾವರೆ ಬಂದಿತ್ತು. ಮಧ್ಯಾಹ್ನ ಎಣ್ಣೆನೀರು ಹಾಕುವಾಗ ನನ್ನ ಹಳೆಯ ದಾರ ಜಿಡ್ಡು ಹಿಡಿದು ಕಪ್ಪಾಗಿದ್ದನ್ನು ನೋಡಿ ಅಮ್ಮ ಅದನ್ನು ಕಿತ್ತುಹಾಕಿದಳು. ಜಡೆ ಹೆಣೆದು, ರೇಷ್ಮೆ ಪಾವಡೆ ಉಡಿಸಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೊಸ ದಾರ ಕಟ್ಟಿದಳು. ಒಲೆಯ ಮೇಲೆ ಎಣ್ಣೆ ಕಾದಿತ್ತು, ಅವಳಿಗೆ ಅವಸರ. ಕಟ್ಟಿ ಗಂಟು ಬಿಗಿದು ‘ಹೋಗು, ಮಾನ ಉಳಿಸು’ ಎಂದಳು.

ಹಜಾರದಲ್ಲಿ ಊಂಜಲನ್ನು ಕಂಬಕ್ಕೆ ಕಟ್ಟಿ ಅಲುಗದಂತೆ ಮಾಡಿದ್ದರು. ಅದರ ಮೇಲೆ ತಾತ. ಅಜ್ಜಿ ಕೆಳಗೆ ಚಾಪೆಯ ಮೇಲೆ. ಬಾಗಿಲ ಬಳಿ ಅಮ್ಮ, ಕಂಬದ ಬಳಿ ಅಪ್ಪ, ಪಕ್ಕದ ಮನೆಯ ಮಾಮಿ, ಮೂಲೆಯ ಕೋಣೆಯ ಕಿಟಕಿಯಲ್ಲಿ ಊದಿದ ಕೆನ್ನೆಯ ಮುಕುಂದ. ನನ್ನ ಹಣೆಗೆ ನಾಮ, ಬೆನ್ನಿಗೆ ಆಂಡಾಳ್‌ನ ಬಿಸಿಯುಸಿರು. ಅಜ್ಜಿ ಕಣ್ಣಿನಲ್ಲೇ ಶುರುಮಾಡು ಎಂದಳು. ನಾನು ಬಗ್ಗಿ ದಾರ ನೋಡಿದೆ. ದಾರದ ಕೈಗೆ ತಾವರೆ, ಇನ್ನೊಂದಕ್ಕೆ ಕಡಗೋಲು. ಆಂಡಾಳ್ ದಾರದ ಕಡೆಗೆ ಒಳಲೆ ಎತ್ತಿದಳು, ಇನ್ನೊಂದು ಕಡೆಗೆ ಮುಚ್ಚಳ. ಅವತ್ತು ಕೈ ಎಂದಿನಂತೆ ತಡೆಯಲೇ ಇಲ್ಲ, ಸಲೀಸಾಗಿ ಹೋಯಿತು. ಹಬ್ಬದ ದಿನ ಕೃಷ್ಣ ನನ್ನ ಕೈಯನ್ನು ಸರಿಮಾಡಿಬಿಟ್ಟ ಎಂದುಕೊಂಡೆ. ಆ ಸಂತೋಷಕ್ಕೆ ದನಿಯೂ ಏರಿತು. ‘ಕೇಶವ’ ಎಂದೆ.

ತಾತ ಕೈ ಎತ್ತಿದರು.

‘ನಿಲ್ಸು. ಇದು ಕೇಶವ ಅಲ್ಲ.’

ತಾತ ನನ್ನ ಕೈಯ ಕಡೆ ಬೆರಳು ತೋರಿಸಿದರು.

‘ಕೇಶವನಿಗೆ ಪದ್ಮ ಬಲಗೈಲಿ. ಇದು ಎಡಗೈಲಿ ಹಿಡಕೊಂಡು ನಿಂತಿದೆ. ಹಿಂದಿನದೂ ಹಾಗೇ, ಎಲ್ಲಾ ತಿರುಗುಮುರುಗು. ಎಡಚಿ ಅಂತ ಗೊತ್ತಿದ್ದೂ ಈ ಮಗೂನ ಯಾಕೆ ಮುಂದೆ ನಿಲ್ಸಿದೆ ಸೀತೂ?’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತಿದ್ದಿ ಅಭ್ಯಾಸವಾದ ದನಿ ಅದು. ಅಜ್ಜಿಯನ್ನು ಹಾಗೆ ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ. ನಾನು ಮತ್ತೆ ದಾರ ನೋಡಿದೆ. ದಾರ ಇದ್ದ ಕೈಯಲ್ಲೇ ತಾವರೆ ಇತ್ತು. ಅಮ್ಮ ಎದುರಿಗೆ ನಿಂತು ಕಟ್ಟುವ ಅವಸರದಲ್ಲಿ ತನ್ನ ಬಲಗೈಯ ಕಡೆಗಿದ್ದ ನನ್ನ ಕೈಗೆ, ಎಂದರೆ ಎಡಗೈಗೆ, ಕಟ್ಟಿದ್ದಳೆಂದು ನನಗೆ ಆಗ ಹೊಳೆಯಲಿಲ್ಲ. ದಾರ ನೋಡಿ ಹಿಡಿದರೂ ತಪ್ಪು, ನೋಡದೆ ಹಿಡಿದರೂ ತಪ್ಪು ಎಂದಷ್ಟೇ ತಿಳಿಯಿತು. ನನ್ನಲ್ಲಿ ಸರಿಯಾಗಿರುವ ಕೈಯೇ ಇಲ್ಲವೆಂದು ಅನ್ನಿಸಿತು. ಕಣ್ಣು ತುಂಬಿ ಬಂತು, ತಾವರೆಯನ್ನು ಇನ್ನೊಂದು ಕೈಗೆ ಸಾಗಿಸಲು ಹೊರಟೆ.

‘ರುಕ್ಕು, ಅಲ್ಲಾಡಬೇಡ,’ ಎಂದಳು ಅಜ್ಜಿ. ‘ಹಾಗೇ ನಿಂತ್ಕೋ. ಇವನು ಯಾರು ಅಂತ ನೋಡೋಣ.’

ಅವಳು ನೆಲಕ್ಕೆ ಕೈಯೂರಿ ಎದ್ದಳು. ನಮ್ಮ ಮುಂದೆ ಬಂದು ನಿಲ್ಲಲಿಲ್ಲ. ಸುತ್ತಿ ಬಂದು ಆಂಡಾಳ್‌ನ ಹಿಂದೆ ನಿಂತಳು. ಅಲ್ಲಿಂದ ಒಂದೊಂದೇ ಕೈಯನ್ನು ಮುಟ್ಟುತ್ತಾ ಹೇಳಿದಳು:

‘ಕೆಳಗೆ ಬಲಗೈಲಿ ಗದೆ. ಮೇಲೆ ಚಕ್ರ. ಈಚೆಗೆ ಶಂಖ. ಕೆಳಗೆ ಎಡಗೈಲಿ ಪದ್ಮ.’ ಆಮೇಲೆ ನನ್ನ ತಲೆಯ ಮೇಲಿನಿಂದ ತನ್ನ ಅಣ್ಣನನ್ನು ನೋಡಿದಳು. ‘ಅಣ್ಣ, ಇವನು ಮಾಧವ.’

‘ಅವಳು ಕೇಶವ ಅಂದ್ಲಲ್ಲ.’

‘ಹೆಸರು ತಪ್ಪು ಹೇಳಿದ್ಲು. ಕೈ ತಪ್ಪಿಲ್ಲ.’

ತಾತ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಬಿಡಲಿಲ್ಲ. ಅವಳು ಅಣ್ಣನ ಮಾತಿಗೆ ಎದುರು ಮಾತಾಡಿದ್ದನ್ನು ಅಪ್ಪನೂ ಅದಕ್ಕೆ ಮೊದಲು ಕಂಡಿರಲಿಲ್ಲವಂತೆ.

‘ನೀನು ಯಾವಾಗಲೂ ಮುಂದೆ ನಿಂತೋನು ಅಣ್ಣ. ನಿನಗೆ ನಿನ್ನೆರಡು ಕೈ ಕಾಣ್ತಿತ್ತು. ನಾನು ಹಿಂದೆ ನಿಂತೋಳು, ನನಗೆ ನಾಲ್ಕೂ ಕಾಣ್ತಿತ್ತು. ಮದುವೆಯಾಗಿ ಬಂದಮೇಲೆ ಅಡಿಗೆಮನೇಲಿ ಒಬ್ಬಳೇ ಕೂತು ಬದಲಾಯಿಸಿ ಬದಲಾಯಿಸಿ ನೋಡಿದೀನಿ. ಈ ನಾಲ್ಕು ಸಾಮಾನನ್ನ ನಾಲ್ಕು ಕೈಲಿ ಎಷ್ಟು ಥರ ಹಿಡಿದ್ರೂ ಇಪ್ಪತ್ತನಾಲ್ಕೇ ಥರ ಆಗೋದು. ಅವನಿಗೆ ಇರೋ ಹೆಸರೂ ಇಪ್ಪತ್ತನಾಲ್ಕೇ. ಹೇಗೆ ಹಿಡಿದ್ರೂ ಅವನೇ. ಅವನದಲ್ಲದ ಹಿಡಿತ ಅಂತ ಒಂದೂ ಉಳಿಯೋದೇ ಇಲ್ಲ.’

ಹೇಳುತ್ತಾ ಹೇಳುತ್ತಾ ಅವಳ ದನಿ ನಿಧಾನವಾಯಿತು. ಲೆಕ್ಕ ಅವಳಿಗೆ ಹಳೆಯದೇ. ಆದರೆ ಅದು ನನ್ನ ಕೈಗೂ ಸಲ್ಲುತ್ತದೆಂದು ಅವಳಿಗೆ ಹೊಳೆದದ್ದು ಆಗಲೇ ಎಂದು ಈಗ ನನಗನ್ನಿಸುತ್ತದೆ. ನನ್ನ ಹೆಗಲ ಮೇಲೆ ಕೈಯಿಟ್ಟಳು.

‘ಮುಂದಿನದು ಹಿಡಿ. ನಿನಗೆ ಹೇಗೆ ಬರತ್ತೋ ಹಾಗೆ. ಹೆಸರು ನಾನು ಹೇಳ್ತೀನಿ.’

ನಾನು ನಾರಾಯಣನೆಂದು ಕಲಿತದ್ದನ್ನು ಹಿಡಿದೆ, ಅವಳು ಗೋವಿಂದ ಎಂದಳು. ಮಾಧವನೆಂದು ಹಿಡಿದದ್ದಕ್ಕೆ ಕೇಶವ ಎಂದಳು. ಗೋವಿಂದನೆಂದು ಹಿಡಿದದ್ದಕ್ಕೆ ನಾರಾಯಣ ಎಂದಳು. ಒಂದು ಕಡೆಯೂ ತಡೆಯಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ತಾತ ಊಂಜಲಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು, ಬೆರಳು ಮಡಚುತ್ತಾ ಯಾವ ಹೆಸರಾದರೂ ಎರಡು ಸಲ ಬಂತೇ ಎಂದು ಪರೀಕ್ಷಿಸುತ್ತಿದ್ದರು. ಆಂಡಾಳ್ ಕೂಡ ಅವತ್ತು ಕೈನೋವೆನ್ನಲಿಲ್ಲ. ಇಪ್ಪತ್ತನಾಲ್ಕೂ ಮುಗಿದವು, ಒಂದೂ ಬಿಟ್ಟುಹೋಗಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ತಾತ ‘ಸೀತೂ, ಅಪ್ಪ ನಿನ್ನನ್ನ ಒಂದು ಸಲವಾದ್ರೂ ಮುಂದೆ ನಿಲ್ಸಬೇಕಿತ್ತು’ ಎಂದರು. ಅಜ್ಜಿ ತಾವರೆಯನ್ನು ನನ್ನ ಕೈಯಿಂದ ತೆಗೆದು ದೇವರ ಮುಂದಿಟ್ಟು, ಕಡಗೋಲನ್ನು ಅಮ್ಮನಿಗೆ ವಾಪಸು ಕೊಟ್ಟಳು.

ಆಗಲೇ ಅಮ್ಮನ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿದ್ದದ್ದು.

‘ಅತ್ತೆ, ದಾರ. ನಾನೇ ಆ ಕೈಗೆ.’

‘ನೋಡಿದೆ,’ ಎಂದಳು ಅಜ್ಜಿ. ‘ಇರಲಿ ಬಿಡು.’

ಮರುದಿನ ಪಾರಣೆಯಲ್ಲಿ ತೀರ್ಥಕ್ಕೆ ನಾನು ಕೈಯೊಡ್ಡುವ ಮೊದಲು ಅಜ್ಜಿಯ ಮುಖ ನೋಡಿದೆ. ಅವಳು ಎಂದಿನ ಗತ್ತಿನಲ್ಲಿ, ‘ಊಟಕ್ಕೆ, ತೀರ್ಥಕ್ಕೆ, ಕೊಡೋದಕ್ಕೆ ತಗೊಳೋದಕ್ಕೆ ಬಲಗೈ. ಅದು ನಾಲ್ಕು ಜನದ ಮಧ್ಯೆ ಇರೋ ನಡವಳಿಕೆ. ಮಿಕ್ಕಿದ್ದೆಲ್ಲ ನಿನ್ನ ಕೈ, ನಿನ್ನಿಷ್ಟ’ ಎಂದಳು. ಅದಕ್ಕಿಂತ ಹೆಚ್ಚಿನ ಸಡಿಲ ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ, ನನಗೆ ಅಷ್ಟೇ ಬೇಕಾದಷ್ಟಾಯಿತು. ಎಡಗೈಯ ದಾರವನ್ನು ಅವಳು ಬಿಚ್ಚಿ ಬಲಗೈಗೆ ಕಟ್ಟಲಿಲ್ಲ. ಅದು ಅಲ್ಲೇ ಇದ್ದು, ಬಣ್ಣಗೆಟ್ಟು, ಬಾವಿಯಲ್ಲಿ ನೀರು ಸೇದುವಾಗಲೋ ಏನೋ ಒಂದು ದಿನ ತಾನಾಗಿ ಹೋಯಿತು. ಮುಕುಂದನಿಗೆ ವಾಸಿಯಾದ ಮೇಲೆ ಅಜ್ಜಿ ಹೊಸ ಏರ್ಪಾಡು ಮಾಡಿದಳು. ಒಂದು ಸಂಜೆ ಅವನು ಮುಂದೆ, ಒಂದು ಸಂಜೆ ನಾನು. ನಾನು ಮುಂದೆ ನಿಂತ ದಿನ ಮೊದಲು ಮಾಧವ, ಅವನು ನಿಂತ ದಿನ ಮೊದಲು ಕೇಶವ. ನಾನು ಎಡಗೈಯಲ್ಲಿ ಬರೆದು ಪರೀಕ್ಷೆ ಪಾಸು ಮಾಡಿದೆ, ಎಡಗೈಯಲ್ಲಿ ಕತ್ತರಿ ಹಿಡಿದು ನನ್ನ ಮಗಳ ಬಟ್ಟೆ ಹೊಲಿದೆ, ನನ್ನನ್ನು ತಿದ್ದಲು ಬಂದವರಿಗೆಲ್ಲ ಮೊದಲು ಗದೆಯನ್ನೇ ತೋರಿಸಿದೆ. ಇದರಲ್ಲಿ ಯಾವುದಕ್ಕೂ ನನಗೆ ನಾಚಿಕೆಯಿಲ್ಲ.

ಈಗ ನಾನಿರುವುದು ಅದೇ ಮದರಾಸಿನ ಪೆರುಂಗುಡಿಯಲ್ಲಿ, ಮಗಳ ಮನೆಯಲ್ಲಿ. ಏಳನೆಯ ಮಹಡಿ, ತಿಣ್ಣೆಯೂ ಇಲ್ಲ, ಮಿತ್ತಮ್ಮೂ ಇಲ್ಲ. ಒಳಲೆ ಮಾತ್ರ ನನ್ನ ಜೊತೆ ಬಂದಿದೆ. ಶನಿವಾರ ಸಂಜೆ ಮೊಮ್ಮಗಳು ತಾರಿಣಿಗೆ ನಾನು ಪಾಠ ಹೇಳುತ್ತೇನೆ. ನಾನು ಕನ್ನಡದಲ್ಲಿ ಹೇಳಿದ್ದು ಅವಳಿಗೆ ಪೂರಾ ತಿಳಿಯುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಮಿಕ್ಸಿಯ ಕಾಲವಾದ್ದರಿಂದ ಗದೆಗೆ ಲಟ್ಟಣಿಗೆ ಬಂದಿದೆ, ಚಕ್ರ ಸ್ಟೀಲಿನ ಮುಚ್ಚಳವಾಗಿದೆ. ಬದನೆಕಾಯಿ ಬದಲಾಗಿಲ್ಲ. ಕಳೆದ ಶನಿವಾರ ನಾನು ಕೇಶವ ಎಂದಾಗ ಅವಳು ಬದನೆಕಾಯಿಯನ್ನು ಎಡಗೈಯಲ್ಲೂ ಲಟ್ಟಣಿಗೆಯನ್ನು ಬಲಗೈಯಲ್ಲೂ ಹಿಡಿದು ನಿಂತಳು. ಅವಳು ಎಡಚಿಯಲ್ಲ, ಮಕ್ಕಳು ಹಿಡಿಯುವ ಹಾಗೆ ಹಿಡಿದಿದ್ದಳು ಅಷ್ಟೆ. ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ನನ್ನ ಮಗಳು ತಲೆಯೆತ್ತಿ, ‘ರೈಟ್ ಹ್ಯಾಂಡ್ ಕಣ್ಣಾ, ರೈಟ್ ಹ್ಯಾಂಡ್’ ಎಂದಳು. ತಾರಿಣಿ ಗಾಬರಿಯಾಗಿ ಕೈ ಬದಲಾಯಿಸಲು ಹೊರಟಳು.

‘ಅಲ್ಲಾಡಬೇಡ,’ ಎಂದೆ.

ಮಂಡಿ ಹಿಡಿದುಕೊಂಡು ಎದ್ದೆ. ಮುಚ್ಚಳವನ್ನೂ ಒಳಲೆಯನ್ನೂ ತೆಗೆದುಕೊಂಡು ಹೋಗಿ ಅವಳ ಹಿಂದೆ ನಿಂತೆ. ಬಲಗೈಯಲ್ಲಿ ಚಕ್ರ, ಎಡಗೈಯಲ್ಲಿ ಶಂಖ, ಅವಳ ಹೆಗಲಿನ ಮೇಲೆ ಎತ್ತಿ ಹಿಡಿದೆ. ಅವಳ ತಲೆಯಿಂದ ಶಾಂಪೂ ವಾಸನೆ ಬರುತ್ತಿತ್ತು. ಹಿಂದೆ ನಿಂತರೆ ನಾಲ್ಕು ಕೈಯೂ ಕಾಣುತ್ತವೆಂದು ಅಜ್ಜಿ ಹೇಳಿದ್ದು ನಿಜವೇ.

‘ಪಾಟ್ಟಿ, ನಾನ್ ಇಪ್ಪೊ ಯಾರು?’ ಎಂದಳು, ತಾನೀಗ ಯಾರಾಗಿದ್ದೇನೆಂದು.

‘ಮಾಧವ,’ ಎಂದೆ. ‘ಮೊದಲು ಬೈತಾನೆ. ಆಮೇಲೆ ಮುದ್ದು ಮಾಡ್ತಾನೆ.’

ಅವಳು ಸ್ವಲ್ಪ ಯೋಚಿಸಿ, ಹಿಂದೆ ತಿರುಗದೆ, ಮೊದಲ ಬಾರಿಗೆ ಕನ್ನಡದಲ್ಲೇ ಹೇಳಿದಳು: ‘ನಿನ್ನ ಥರ.’